ಉಸಿರು ಮಾರಿದ ದನಿ

"ಇದೇ ದನಿ ಕಣವ್ವ. ನಾನು ಸತ್ತು ಮಣ್ಣಾದ್ರೂ ಈ ದನಿ ಮರೆಯಾಕಿಲ್ಲ."

ಜಾನಕಮ್ಮ ಫೋನನ್ನು ಚಾಪೆಯ ಮೇಲಿಟ್ಟು, ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಹಾರನಹಳ್ಳಿಯ ಆ ನಡುಮನೆಗೆ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಇಳಿದಿತ್ತು. ಮೊಮ್ಮಗಳು ನಯನಾ ಚಾಪೆಯ ತುದಿಯಲ್ಲಿ ನಿದ್ದೆ ಹೋಗಿದ್ದಳು. ಅವಳ ತಲೆಯ ಹಿಂದೆ, ಗೋಡೆಗೆ ಆನಿಸಿ ನಿಲ್ಲಿಸಿದ ಕಬ್ಬಿಣದ ಆಕ್ಸಿಜನ್ ಸಿಲಿಂಡರು.

"ಇನ್ನೂ ಇಟ್ಕೊಂಡಿದ್ದೀರಲ್ಲಮ್ಮ ಅದನ್ನ?" ಸಬ್ ಇನ್ಸ್‌ಪೆಕ್ಟರ್ ಪುಷ್ಪಲತಾ ಕೇಳಿದಳು.

"ಏನ್ ಮಾಡಾನವ್ವ? ಗುಜರಿಯವನಿಗೆ ಹಾಕಾನ ಅಂದ್ರೆ ಮನಸು ಬರಾಕಿಲ್ಲ. ನಮ್ಮೆಜಮಾನ್ರು ಕೊನೆಗೆ ಕೈ ಇಟ್ಟಿದ್ದು ಅದರ ಮ್ಯಾಲೇಯ."

ಮೂರು ವರ್ಷ ಸುಮ್ಮನಿದ್ದ ದನಿಯೊಂದು ಈ ತಿಂಗಳು ಮತ್ತೆ ಮಾತಾಡತೊಡಗಿತ್ತು. ಮೊದಲು ಗಂಡಸಿ ಊರಿನ ಒಂದು ಮನೆಗೆ ಫೋನು ಬಂತು. ಆಮೇಲೆ ಹಳೇಬೀಡಿಗೆ. ಈಗ ಇಲ್ಲಿಗೆ. ಮೂರೂ ಮನೆಗಳಲ್ಲಿ ಕೊರೋನಾ ಎರಡನೇ ಅಲೆಯಲ್ಲಿ ಒಬ್ಬೊಬ್ಬರು ಉಸಿರು ಕಟ್ಟಿ ಸತ್ತಿದ್ದರು. ಮೂರೂ ಮನೆಯವರು ಆಗ ಇದೇ ದನಿಗೆ ಫೋನು ಮಾಡಿ, ಕೇಳಿದಷ್ಟು ಕೊಟ್ಟು, ಸಿಲಿಂಡರು ತರಿಸಿದ್ದರು.

ಸರ್ಕಾರ ವಿಪತ್ತು ಎಂದು ಘೋಷಿಸಿ, ಆಕ್ಸಿಜನ್ನಿಗೆ ದರ ಗೊತ್ತು ಮಾಡಿ, ಅದಕ್ಕಿಂತ ಹೆಚ್ಚಿಗೆ ಮಾರಿದವರನ್ನು ಒಳಗೆ ಹಾಕುತ್ತೇವೆ ಎಂದು ಡಂಗುರ ಸಾರಿದ್ದ ಕಾಲ ಅದು. ಆದರೆ ಹಿಡಿಯುವುದು ಯಾರನ್ನು? ನಂಬರು ಯಾರದೋ ಸತ್ತವರ ಹೆಸರಿನಲ್ಲಿತ್ತು. ಸಿಲಿಂಡರು ಇಳಿಸಿ ಹೋದವರ ಮುಖದ ಮೇಲೆ ಮಾಸ್ಕಿತ್ತು. ಉಳಿದದ್ದು ದನಿ ಒಂದೇ.

ಜಾನಕಮ್ಮನ ಮಗ ಮೋಹನ್‌ಕುಮಾರ್ ಫೋನು ಎತ್ತಿಕೊಂಡ. ಅವನ ಫೋನಿನಲ್ಲಿ ಕರೆಗಳೆಲ್ಲ ತಾವಾಗಿಯೇ ರೆಕಾರ್ಡಾಗುತ್ತಿದ್ದವು. ಅಪ್ಪನ ದನಿ ಒಂದೆರಡು ಕಡೆ ಇತ್ತೆಂದು ಅವನು ಹಳೆಯದೊಂದನ್ನೂ ಅಳಿಸಿರಲಿಲ್ಲ.

"ಇದು ಅವತ್ತಿಂದು ಮೇಡಂ," ಎಂದು ಹಚ್ಚಿದ.

"ಅವರ ಉಸಿರಾಟ ಹೇಗಿದೆ ಈಗ?" ಹೆಣ್ಣುದನಿ. ಮೆತ್ತಗಿನದು. ಮನೆಯವರೇ ಯಾರೋ ವಿಚಾರಿಸಿದ ಹಾಗಿತ್ತು.

"ಏದುಸಿರು ಬತ್ತಾ ಐತೆ ಮೇಡಂ. ಬೇಗ ಕಳಿಸಿ ಮೇಡಂ."

"ಎಂಬತ್ತು ಸಾವಿರ ಆಗುತ್ತೆ."

"ಬೆಳಿಗ್ಗೆ ನಲವತ್ತು ಅಂದಿದ್ರಲ್ಲ ಮೇಡಂ!"

"ಬೆಳಿಗ್ಗೇದು ಬೆಳಿಗ್ಗೆಗೆ ಆಯ್ತು." ಒಂದು ಕೆಮ್ಮು. ಆಮೇಲೆ ಇನ್ನೊಂದು. "ಬೇಕಾ, ಬೇಡ್ವಾ?"

"ಕರೆಯೋ ಹಸ ಎರಡೂ ಕೊಟ್ಬುಟ್ಟೆ," ಎಂದರು ಜಾನಕಮ್ಮ, ಯಾರಿಗೂ ಅಲ್ಲ ಎಂಬಂತೆ. "ಗಂಡಸಿ ಸಂತೆ ಬಂದ್ ಆಗಿತ್ತು. ಪಕ್ಕದ ಮನೆಯೋರು ಕೇಳಿದ ರೇಟಿಗೆ ಹಗ್ಗ ಕೈಗೆ ಹಾಕ್ದೆ. ಸಿಲಿಂಡರು ಬಂತು. ಅರ್ಧ ಗಂಟೆ ಬುಸ್ ಅಂತು. ಆಮ್ಯಾಕೆ ಅದೂ ಸುಮ್ಕಾಯ್ತು, ಅವರೂ ಸುಮ್ಕಾದ್ರು."

ಮೋಹನ್‌ಕುಮಾರ್ ಇನ್ನೊಂದನ್ನು ಹಚ್ಚಿದ. "ಇದು ಮೊನ್ನೆ ಬಂದಿದ್ದು."

ಅದೇ ದನಿ. "ಕರಿಯಪ್ಪನವರ ಮಗ ಅಲ್ವಾ? ನಿಮ್ಮ ತಂದೆಯವರ ಉಸಿರಾಟ ಈಗ ಹೇಗಿದೆ?"

ಮತ್ತೆ ದನಿ ಕೇಳಿತು. "ಮಗೂಗೆ ನಯನಾ ಅಂತ ಹೆಸರಿಟ್ಟಿದ್ದೀರಿ. ಚೆನ್ನಾಗಿದೆ. ನೆಗಡಿಯಾದ್ರೂ ಅಸಡ್ಡೆ ಮಾಡ್ಬೇಡಿ."

ಪುಷ್ಪಲತಾ ಆ ಭಾಗವನ್ನು ಇನ್ನೊಮ್ಮೆ ಹಚ್ಚಿಸಿ ಕೇಳಿದಳು. ಹಳೆಯ ರೆಕಾರ್ಡಿಂಗನ್ನು ಯಾರೋ ಕಿಡಿಗೇಡಿಗಳು ಹಚ್ಚಿ ಹೆದರಿಸುತ್ತಿದ್ದಾರೆ ಎಂದು ಅವಳು ಇಲ್ಲಿಯವರೆಗೆ ಅಂದುಕೊಂಡಿದ್ದಳು. ನಯನಾ ಹುಟ್ಟಿದ್ದು ತಾತ ಸತ್ತ ಮರುವರ್ಷ. ಅವಳ ಹೆಸರು ಹಳೆಯ ರೆಕಾರ್ಡಿನಲ್ಲಿ ಬರುವುದು ಹೇಗೆ?

"ಇತ್ತೀಚೆಗೆ ಮಗೂನ ಕರ್ಕೊಂಡು ಎಲ್ಲಿಗಾದ್ರೂ ಹೋಗಿದ್ರಾ?"

"ಬೇಲೂರಿಗೆ ಮೇಡಂ. ದೇವಸ್ಥಾನಕ್ಕೆ. ಜನ ಜಾಸ್ತಿ ಇತ್ತು. ಚಪ್ಪಲಿ ಬಿಡೋ ಜಾಗದಲ್ಲಿ ಇವಳು ಕೈ ಬಿಡಿಸ್ಕೊಂಡು ಓಡಿದ್ಲು. ನಾನು ನಯನಾ, ನಯನಾ ಅಂತ ಕೂಗಿ ಕೂಗಿ ಹಿಡ್ಕೊಂಡೆ."

ಈ ತಿಂಗಳ ಮೂರೂ ಕರೆಗಳು ಬಂದಿದ್ದು ಬೇಲೂರಿಗೆ ಬಂದ ಪ್ರವಾಸಿಗಳ ಫೋನುಗಳಿಂದ. ಒಬ್ಬ ಹೆಂಗಸು, ಮುಖಕ್ಕೆ ಮಾಸ್ಕು, ತಲೆ ತುಂಬ ಸೆರಗು, ಒಂದು ಕಾಲ್ ಮಾಡ್ಕೊಡಿ ಅಂತ ಕೇಳಿದಳು ಎಂದು ಅವರೆಲ್ಲ ಹೇಳಿದ್ದರು. ಆ ಹೆಂಗಸು ಮೋಹನ್‌ಕುಮಾರನ ಮುಖವನ್ನು ಎಂದೂ ನೋಡಿದವಳಲ್ಲ. ಆದರೆ ಅವನು ಗಾಬರಿಯಿಂದ ಕೂಗುವುದನ್ನು ಹಿಂದೊಮ್ಮೆ ಫೋನಿನಲ್ಲಿ ಕೇಳಿದ್ದಳು. ಇವರು ಅವಳ ದನಿಯನ್ನು ಮರೆಯದ ಹಾಗೆಯೇ ಅವಳೂ ಇವರ ದನಿಯನ್ನಾಗಲಿ ನಂಬರನ್ನಾಗಲಿ ಮರೆತಿರಲಿಲ್ಲ.

ಅರಸೀಕೆರೆಗೆ ವಾಪಸಾಗುವಾಗ ಪುಷ್ಪಲತಾ ಜೀಪಿನಲ್ಲಿ ಕೂತು ಹಳೆಯ ಕರೆಗಳನ್ನು ಒಂದಾದ ಮೇಲೊಂದು ಕೇಳಿದಳು. ಗಂಡಸಿಯದು, ಹಳೇಬೀಡಿನದು, ಹಾರನಹಳ್ಳಿಯದು. ಗಂಡಸಿಯ ಕರೆಯಲ್ಲಿ ದನಿ ನಿಚ್ಚಳವಾಗಿತ್ತು. ಹಳೇಬೀಡಿನದರಲ್ಲಿ ಸಣ್ಣ ಕೆಮ್ಮು. ಹಾರನಹಳ್ಳಿಯದರಲ್ಲಿ ಮಾತಿಗೊಂದು ಕೆಮ್ಮು, ನಡುವೆ ಉಸಿರು ಎಳೆದುಕೊಳ್ಳುವ ಸದ್ದು. ಅದಾದ ಮೇಲೆ ಆ ನಂಬರು ಸತ್ತೇಹೋಗಿತ್ತು.

ಉಸಿರು ಮಾರುತ್ತಿದ್ದವಳಿಗೇ ಉಸಿರು ಸಿಕ್ಕಿಕೊಂಡಿತ್ತು.

ಮೂರರಲ್ಲೂ ದನಿಯ ಹಿಂದೆ ಇನ್ನೊಂದು ಸದ್ದಿತ್ತು. ಲೊಡ ಲೊಡ. ನಿಲ್ಲುತ್ತದೆ, ಮತ್ತೆ ಲೊಡ ಲೊಡ. ಅವಳ ಅಜ್ಜಿಯ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ವರ್ಷವಿಡೀ ಕಾಯಿ ಹಾಕಿರುತ್ತಿದ್ದರು. ನೀರು ಇಂಗಿ, ಒಣಗಿ ಗಿಟಕಾದ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ, ಅಟ್ಟದಲ್ಲಿ ಇಲಿ ಓಡಿದರೂ ಸಾಕು, ಕಾಯಿಗಳು ಒಳಗೊಳಗೇ ಅಲ್ಲಾಡುತ್ತಿದ್ದವು. ಚಿಕ್ಕವಳಿದ್ದಾಗ ಆ ಸದ್ದಿಗೆ ಹೆದರಿ ಅವಳು ಅಜ್ಜಿಯ ಸೆರಗಿನೊಳಗೆ ಮುದುರುತ್ತಿದ್ದಳು.

"ಇಂದ್ರೇಶ್, ಎರಡನೇ ಅಲೆಯ ಆ ಮೇ ತಿಂಗಳಲ್ಲಿ ಕೊಬ್ಬರಿ ಮಂಡಿಯವರ ಮನೇಲಿ ಯಾರಾದ್ರೂ ಹೆಂಗಸಿಗೆ ಕೊರೋನಾ ಜೋರಾಗಿತ್ತಾ?"

ಜೀಪು ಓಡಿಸುತ್ತಿದ್ದ ಕಾನ್ಸ್‌ಟೇಬಲ್ ಇಂದ್ರೇಶ್ ತಟ್ಟನೆ ತಿರುಗಿದ. "ಒಬ್ರೇ ಮೇಡಂ. ರೇವಣಸಿದ್ದಪ್ಪನವರ ಸೊಸೆ ಹೇಮಲತಾ. ನೀವೇ ಬಂದೋಬಸ್ತಿಗೆ ನಿಂತಿದ್ರಲ್ಲ, ಮಾಲೇಕಲ್ಲು ರೋಡಿನ ತೋಟದಲ್ಲಿ ಮಣ್ಣು ಮಾಡುವಾಗ."

ನಿಂತಿದ್ದಳು. ನೆನಪಿತ್ತು. ಬಿಳಿ ಪ್ಲಾಸ್ಟಿಕ್ಕಿನ ಗಂಟನ್ನು ನಾಲ್ವರು ಹಗ್ಗದಲ್ಲಿ ಇಳಿಸಿದ್ದರು. ಇಳಿಸುವಾಗ ಒಬ್ಬ, "ಭಾರ ಕಣ್ರೋ, ಹುಷಾರು," ಅಂದಿದ್ದ. ಬಂದವರೆಲ್ಲ ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು.

ಮೊನ್ನೆ ಫೋನಿನಲ್ಲಿ ಮಾತಾಡಿದವಳು ಮೂರು ವರ್ಷದಿಂದ ಮಣ್ಣಿನೊಳಗಿದ್ದಾಳೆ. ಪುಷ್ಪಲತಾ ಜೀಪನ್ನು ನೇರ ಮಂಡಿಬೀದಿಗೆ ತಿರುಗಿಸಲು ಹೇಳಿದಳು.

ಮಂಡಿಬೀದಿಯಲ್ಲಿ ರೇವಣಸಿದ್ದಪ್ಪನವರದು ದೊಡ್ಡ ಮನೆ. ಕೆಳಗೆ ವಾಸ, ಮೇಲೆ ಕೊಬ್ಬರಿ ಅಟ್ಟ. ಮಠದ ದಾಸೋಹಕ್ಕೆ ವರ್ಷವರ್ಷವೂ ಲೋಡುಗಟ್ಟಲೆ ಕಾಯಿ ಕಳಿಸುವವರು. ಹಣೆ ತುಂಬ ವಿಭೂತಿ, ಮಾತಿನಲ್ಲಿ ಮರ್ಯಾದೆ. ಊರಿನ ಪಂಚಾಯಿತಿಗಳೆಲ್ಲ ಅವರ ಜಗಲಿಯ ಮೇಲೇ ಮುಗಿಯುತ್ತಿದ್ದವು.

"ಬನ್ನಿ ಅಮ್ಮಣ್ಣಿ, ಕೂತ್ಕೊಳ್ಳಿ. ಗುರುಸಿದ್ದಮ್ಮ, ಕಾಫಿ ತಗೊಂಬಾ."

ಪುಷ್ಪಲತಾ ಪೀಠಿಕೆ ಹಾಕಲಿಲ್ಲ. ಮೊನ್ನೆಯ ಕರೆಯ ಸುದ್ದಿಯನ್ನು ಬೇಕೆಂದೇ ಬಾಯಿ ಬಿಡಲಿಲ್ಲ. ಹಳೆಯದನ್ನು ಮಾತ್ರ ಹಚ್ಚಿ ಫೋನನ್ನು ಅವರ ಮುಂದಿಟ್ಟಳು.

ಅವರ ಉಸಿರಾಟ ಹೇಗಿದೆ ಈಗ?

ಅದೇ ಹೊತ್ತಿಗೆ ಅಟ್ಟದ ಮೇಲೆ ಆಳುಗಳು ಓಡಾಡಿದರು. ಲೊಡ ಲೊಡ. ಫೋನಿನೊಳಗೂ ಲೊಡ ಲೊಡ. ಮೂರು ವರ್ಷದ ಹಿಂದಿನ ಸದ್ದು ಯಾವುದು, ಈಗಿನದು ಯಾವುದು ಎಂದು ತಿಳಿಯದ ಹಾಗೆ ಎರಡೂ ಬೆರೆತುಹೋದವು. ಕಾಫಿ ಹಿಡಿದು ಬಂದ ಅವರ ಹೆಂಡತಿ ಗುರುಸಿದ್ದಮ್ಮ ಬಾಗಿಲಲ್ಲೇ ನಿಂತರು. ಅವರ ಕೈಯಲ್ಲಿದ್ದ ತಟ್ಟೆ ಮಾತ್ರ ಅಲುಗಲಿಲ್ಲ.

"ಯಾರದೋ ಏನೋ ಅಮ್ಮಣ್ಣಿ," ಎಂದರು ರೇವಣಸಿದ್ದಪ್ಪ.

"ಎಂಟು ವರ್ಷ ನಿಮಗೆ ಊಟಕ್ಕೆ ಬಡಿಸಿ ಮಾವ ಅಂತ ಕರೆದ ದನಿ ಯಜಮಾನ್ರೇ. ಯಾರದು ಅಂತ ಗೊತ್ತಾಗ್ಲಿಲ್ವಾ?"

ಅವರು ಕಣ್ಣು ಮುಚ್ಚಿಕೊಂಡರು. "ಸತ್ತೋಳ ಮೇಲೆ ಕೇಸು ಹಾಕ್ತೀರಾ?"

"ಸತ್ತೋಳಿಗೆ ಸಿಲಿಂಡರು ತಂದುಕೊಟ್ಟವರು ಬದುಕಿದ್ದಾರಲ್ಲ."

"ವ್ಯಾಪಾರ ಕಣಮ್ಮ ಅದು. ಅವಳ ಗಂಡ, ನನ್ನ ಮಗ ಶರತ್ ಎಲ್ಲಿಂದ್ಲೋ ತಂದ, ಅವನೂ ಮೇಲೆ ಕೊಟ್ಟೇ ತಂದ. ಕೇಳೋರು ಹೆಚ್ಚಾದ್ರೆ ದರ ಏರುತ್ತೆ. ಕೊಬ್ಬರೀಗೂ ಹಂಗೇ. ವರಮಹಾಲಕ್ಷ್ಮಿ ಹಬ್ಬದಲ್ಲಿ ಹೂವಿಗೂ ಹಂಗೇ."

"ಹೂವು ಮುಡೀದೆ ಯಾರೂ ಸತ್ತಿಲ್ಲ. ಅದಕ್ಕೇ ಸರ್ಕಾರ ಅವತ್ತು ಹೂವಿಗೆ ದರ ಕಟ್ಟಲಿಲ್ಲ, ಉಸಿರಿಗೆ ಕಟ್ತು."

ರೇವಣಸಿದ್ದಪ್ಪ ಫೋನನ್ನು ಅವಳ ಕಡೆಗೆ ತಳ್ಳಿದರು.

"ಹೇಮಲತಾ ಕೈಲಿ ಯಾಕೆ ಮಾತಾಡಿಸಿದ್ರಿ?"

"ಶರತ್ ಹೇಳ್ದ." ದನಿ ತಗ್ಗಿತು. "ಗಂಡಸು ದರ ಹೇಳಿದ್ರೆ ಜನ ಬಯ್ತಾರೆ, ಜಗಳಕ್ಕೆ ನಿಲ್ತಾರೆ. ಹೆಂಗಸು ಹೇಳಿದ್ರೆ ಅಳ್ತಾರೆ. ಅತ್ತು ಒಪ್ಕೋತಾರೆ ಅಂತ. ಅವಳು ಒಲ್ಲೆ ಅಂದ್ಲು. ನಾನೇ ಗದರಿಸ್ದೆ."

ಪುಷ್ಪಲತಾ ರೆಕಾರ್ಡನ್ನು ಮತ್ತೆ ಹಚ್ಚಿದಳು. ಫೋನಿನಲ್ಲಿ ಕೆಮ್ಮು ಬಂತು. ಅಲ್ಲಿಗೆ ನಿಲ್ಲಿಸಿದಳು. "ಈ ಕೆಮ್ಮು ಶುರುವಾದಾಗ ಈ ಮನೇಲಿ ಸಿಲಿಂಡರು ಇದ್ವಾ?"

ಮುದುಕರು ತಲೆ ಎತ್ತಿ ಅಟ್ಟದ ಹಲಗೆಗಳನ್ನು ನೋಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು.

"ಇದ್ವು."

ತಾವೇ ಮುಂದುವರಿಸಿದರು. "ಬೇಲೂರಿನ ಆಚೆ ಒಂದು ನರ್ಸಿಂಗ್ ಹೋಮಲ್ಲಿ ಬೆಡ್ ಸಿಕ್ತು ಅಂತ ಶರತ್ ಸೇರಿಸಿ ಬಂದ. ಮಾರನೇ ದಿನ ಆಂಬುಲೆನ್ಸಲ್ಲಿ ಗಂಟು ಬಂತು. ಮುಖ ತೋರಿಸಿ ಅಂತ ಅಂಗಲಾಚ್ದೆ. ಬಿಚ್ಚಂಗಿಲ್ಲ ಅಂದ್ರು. ನಮ್ಮಲ್ಲಿ ಕೂರಿಸಿ, ಕೈಲಿ ಲಿಂಗ ಇಟ್ಟು ಮಣ್ಣು ಕೊಡೋದು ಅಮ್ಮಣ್ಣಿ. ನಮ್ಮ ಹೇಮಾನ ಸೌದೆ ಥರ ಉದ್ದಕ್ಕೆ ಮಲಗಿಸಿಬಿಟ್ವಿ. ಈಗಲೂ ಪ್ರತಿ ಸೋಮವಾರ ಹೋಗಿ ದೀಪ ಹಚ್ಚಿ ಬರ್ತೀನಿ. ನನ್ನ ಪಾಪಕ್ಕೆ ಎಣ್ಣೆ ಸಾಲಲ್ಲ."

"ಮುಖ ಯಾರೂ ನೋಡಲಿಲ್ವಾ? ನಿಮ್ಮ ಮಗನೂ?"

"ಯಾರೂ ನೋಡಲಿಲ್ಲ. ಅವನಿಗೆ ಸೋಂಕಿನ ಭಯ, ಹತ್ತಿರಕ್ಕೇ ಬರಲಿಲ್ಲ."

ಪುಷ್ಪಲತಾ ಎದ್ದಳು. ಹೊರಬಾಗಿಲ ಹತ್ತಿರ ಗುರುಸಿದ್ದಮ್ಮ ಹಿಂದಿನಿಂದ ಬಂದು ಅವಳ ತೋಳು ಹಿಡಿದರು.

"ಅಗೀಬೇಡಿ ಅಮ್ಮಣ್ಣಿ," ಎಂದರು ಪಿಸುದನಿಯಲ್ಲಿ. "ಮಲಗಿದೋರನ್ನ ಎಬ್ಬಿಸಬಾರದು."

ಸೊಸೆಯ ಮೇಲಿನ ಮಮತೆ ಎಂದುಕೊಂಡು ಪುಷ್ಪಲತಾ ತಲೆಯಾಡಿಸಿ ಬಂದುಬಿಟ್ಟಳು. ಜೀಪು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತು. ಅಗೆಯುವ ಮಾತನ್ನು ಅವಳು ಆ ಮನೆಯಲ್ಲಿ ಎತ್ತಿಯೇ ಇರಲಿಲ್ಲ.

ಹೇಮಲತಾಳ ಸಮಾಧಿ ಅಗೆಯುವ ಅಪ್ಪಣೆ ಸಿಗಲು ಕೆಲವು ದಿನ ಹಿಡಿಯಿತು. ಈ ನಡುವೆ ಗುರುಸಿದ್ದಮ್ಮನನ್ನು ಒಬ್ಬರನ್ನೇ ಮಾತಾಡಿಸಬೇಕೆಂದು ಅವಳು ಎರಡು ಸಲ ಹೋದಳು. ಎರಡು ಸಲವೂ ಬಾಗಿಲು ತೆಗೆದವನು ಮಗ ಶರತ್ಚಂದ್ರ. ಹಳೇಬೀಡಿನಲ್ಲಿ ಹೊಸದಾಗಿ ಲಾಡ್ಜು ಕಟ್ಟಿಸಿದವನು ಅದನ್ನು ಬಿಟ್ಟು ಬಂದು ಮನೆಯಲ್ಲೇ ಉಳಿದಿದ್ದ. "ಅಮ್ಮನಿಗೆ ಬಿಪಿ ಮೇಡಂ, ಮಲಗಿದ್ದಾರೆ," ಎಂದು ನಗುನಗುತ್ತಲೇ ಹೇಳಿ ಕಳಿಸಿದ್ದ. ಸೊಸೆ ಸತ್ತದ್ದು ಹೇಗೆಂದು ಡಾಕ್ಟರು ನೋಡಬೇಕಂತೆ, ಅದಕ್ಕೆ ಅಗೆಯುತ್ತಾರೆ ಎಂಬುದಷ್ಟೇ ಆ ಮನೆಗೆ ತಿಳಿದ ಸಂಗತಿ.

ಅಗೆಯುವ ದಿನ ಬೆಳಿಗ್ಗೆ ತೋಟದಲ್ಲಿ ಗಾಳಿಯಿರಲಿಲ್ಲ. ತೆಂಗಿನ ಗರಿಗಳ ಸಂದಿನಲ್ಲಿ ಮಾಲೇಕಲ್ಲಿನ ಬೆಟ್ಟ ಮಂಕಾಗಿ ಕಾಣುತ್ತಿತ್ತು. ತಹಶೀಲ್ದಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಡಾಕ್ಟರು ಕೈಗವಸು ತೊಟ್ಟು ಕಾಯುತ್ತಿದ್ದರು. ಮಣ್ಣು ತೆಗೆಯಲು ತಂದ ಜೆಸಿಬಿ ಮೇಲಿನ ಪದರ ಎಳೆದು ಹಿಂದಕ್ಕೆ ಸರಿದು, ಪೊಲೀಸ್ ಜೀಪಿಗೆ ಅಡ್ಡವಾಗಿ ನಿಂತಿತು. ಉಳಿದದ್ದನ್ನು ಆಳುಗಳು ಕೈಯಲ್ಲೇ ಅಗೆಯತೊಡಗಿದರು.

ಶರತ್ಚಂದ್ರ ಅಪ್ಪ ಅಮ್ಮನನ್ನು ಕಾರಿನಲ್ಲಿ ಕರೆತಂದಿದ್ದ. ರೇವಣಸಿದ್ದಪ್ಪ ಗುಂಡಿಯ ಅಂಚಿಗೇ ಬಂದು ನಿಂತರು. ಗುರುಸಿದ್ದಮ್ಮ ಒಂದು ಮರಕ್ಕೆ ಒರಗಿದರು. ಮಗ ಮಾತ್ರ ಕಾರಿನ ಬಾಗಿಲು ಬಿಟ್ಟು ಕದಲಲಿಲ್ಲ. ಮೂರು ವರ್ಷದ ಹಿಂದೆಯೂ ಅವನು ಅಷ್ಟೇ ದೂರದಲ್ಲಿ ನಿಂತಿದ್ದ.

ಹಾರೆಯ ತುದಿ ಏನಕ್ಕೋ ತಗುಲಿತು.

ಠಣ್.

ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಮ್ಮೆ ಮೆಲ್ಲಗೆ ತಟ್ಟಿದರು. ಠಣ್. ಮೂಳೆಗೆ ತಗುಲಿದ ಸದ್ದು ಹಾಗಿರುವುದಿಲ್ಲ. ಇಂದ್ರೇಶ್ ತಾನೇ ಗುಂಡಿಗಿಳಿದು ಮಣ್ಣು ಬಳಿದ. ಬಿಳಿ ಪ್ಲಾಸ್ಟಿಕ್ಕು ಹಳದಿಗಟ್ಟಿತ್ತು. ಡಾಕ್ಟರು ಬಗ್ಗಿ ಕತ್ತರಿ ಹಾಕಿದರು. ಎಲ್ಲರೂ ಮೂಗಿಗೆ ಬಟ್ಟೆ ಹಿಡಿದರು.

ವಾಸನೆ ಬರಲಿಲ್ಲ. ಒಳಗೆ ಒಂದು ಜಮಖಾನ. ಜಮಖಾನದೊಳಗೆ, ತೆಂಗಿನ ಹಗ್ಗದಲ್ಲಿ ಒಟ್ಟಿಗೆ ಬಿಗಿದ ಎರಡು ಆಕ್ಸಿಜನ್ ಸಿಲಿಂಡರು.

"ನನ್ನ ಮಗು ಎಲ್ಲಿ?" ರೇವಣಸಿದ್ದಪ್ಪ ಮಂಡಿಯೂರಿ ಕುಸಿದರು. "ನಮ್ಮ ಹೇಮಾ ಎಲ್ಲಿ? ಶಿವನೇ, ಯಾರಿಗೆ ದೀಪ ಹಚ್ಚುತ್ತಿದ್ದೆ ನಾನು ಇಷ್ಟು ವರ್ಷ?"

ಅದು ನಟನೆಯಲ್ಲ ಎಂದು ಪುಷ್ಪಲತಾಳಿಗೆ ಗೊತ್ತಾಯಿತು. ಅವಳು ಮಗನ ಕಡೆ ತಿರುಗಿದಳು. ಶರತ್ಚಂದ್ರನ ಮುಖದಲ್ಲಿ ರಕ್ತವಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ! ಅವನ ಕಣ್ಣು ಗುಂಡಿಯಿಂದ ಮೇಲೆದ್ದು, ಒಬ್ಬೊಬ್ಬರ ಮೇಲೂ ಹರಿದು, ತಾಯಿಯ ಮೇಲೆ ಬಂದು ನಿಂತಿತು. ಗುರುಸಿದ್ದಮ್ಮ ಗುಂಡಿಯ ಕಡೆ ನೋಡುತ್ತಲೇ ಇರಲಿಲ್ಲ. ಮಗನನ್ನೇ ನೋಡುತ್ತಿದ್ದರು. ಕಣ್ಣು ಒಣಗಿತ್ತು.

ಕಾರಿನ ಬಾಗಿಲು ಬಡಿದ ಸದ್ದಾಯಿತು. ಧೂಳೆಬ್ಬಿಸಿಕೊಂಡು ಕಾರು ರಸ್ತೆಗೆ ನುಗ್ಗಿತು.

"ಇಂದ್ರೇಶ್, ಜೀಪು!"

"ಜೆಸಿಬಿ ಅಡ್ಡ ಐತೆ ಮೇಡಂ! ಲೋ, ತೆಗೀರ್ಲಾ ಅದನ್ನ!" ಇಂದ್ರೇಶ್ ಗುಂಡಿಯಿಂದ ಮೇಲೆ ಹತ್ತುತ್ತ ಕೂಗಿದ.

ಗುರುಸಿದ್ದಮ್ಮ ಬಂದು ಪುಷ್ಪಲತಾಳ ಕೈ ಹಿಡಿದುಕೊಂಡರು.

"ಅವತ್ತು ಹೇಮಾ ಡಿಸಿ ಆಫೀಸಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ ಅಂದ್ಲು ಅಮ್ಮಣ್ಣಿ. ಶರತ್ ಅವಳ ಮೂಗಿನ ಕೊಳವೆ ಕಿತ್ತು, ಅದೇ ಸಿಲಿಂಡರನ್ನ ಗಿರಾಕಿಗೆ ಕಳಿಸ್ದ. ನನ್ನ ಕಣ್ಣೆದುರಿಗೇ. ನರ್ಸಿಂಗ್ ಹೋಮಿಗೆ ಬಿಟ್ಟಿದ್ದು ಸಾಯ್ಲಿ ಅಂತ. ಆಂಬುಲೆನ್ಸ್ ಓಡಿಸ್ತಿದ್ದವನು ನನ್ನ ತಮ್ಮನ ಮಗ ಶಶಿಕಿರಣ. ಅವನ ಕಾಲಿಗೆ ಬಿದ್ದೆ. ಅವಳನ್ನ ಬೇರೆ ಕಡೆ ಇಟ್ಟು ಉಳಿಸ್ದ, ಗಂಟಿಗೆ ಈ ಖಾಲಿ ಸಿಲಿಂಡರುಗಳನ್ನ ಕಟ್ಟಿ ಕಳಿಸ್ದ."

"ಈಗ ಎಲ್ಲಿದ್ದಾಳೆ?"

"ಬೇಲೂರಲ್ಲಿ. ಚಪ್ಪಲಿ ಕಾಯ್ಕೊಂಡು ಇದ್ದಾಳೆ. ಸತ್ತೋರ ಮನೆಗೆಲ್ಲ ಫೋನು ಮಾಡಿ ಉಸಿರು ಹೇಗಿದೆ ಅಂತ ಕೇಳ್ತಾಳೆ. ಬೇಡ ಕಣೇ, ಸಿಕ್ಕಿಬೀಳ್ತೀಯ ಅಂದ್ರೂ ಕೇಳಲ್ಲ. ನಿದ್ದೇಲಿ ಅವರೆಲ್ಲ ಏದುಸಿರು ಬಿಡೋದು ಕೇಳಿಸುತ್ತಂತೆ."

"ಆಕೆ ಬದುಕಿರೋದು ಶರತ್‌ಗೆ ಈಗ ಗೊತ್ತಾಗಿದೆ. ಆದರೆ ಇರೋ ಜಾಗ ಗೊತ್ತಿಲ್ಲವಲ್ಲ ಅಮ್ಮ?"

"ನನ್ನ ಕೈಚೀಲ ಅವನ ಕಾರಲ್ಲೇ ಉಳೀತು ಅಮ್ಮಣ್ಣಿ. ಫೋನು ಅದರಲ್ಲೇ ಇದೆ. ನನಗೆ ಮಾತ್ರ ದಿನಾ ಈ ಹೊತ್ತಿಗೆ ತನ್ನ ಸ್ವಂತ ಫೋನಿಂದ ಅವಳೇ ಮಾಡ್ತಾಳೆ. ನಾನು ಎತ್ತೋದೇ ತಡ, ಅತ್ತೆ, ಇವತ್ತು ಇಂಥ ಕಡೆ ಕೂತಿದ್ದೀನಿ ಅಂತ ಶುರು ಮಾಡ್ತಾಳೆ. ಯಾರು ಎತ್ತಿದ್ರು ಅಂತ ಕಾಯೋದೇ ಇಲ್ಲ."

"ನಂಬರು ಹೇಳಿ. ಬೇಗ!"

ಗುರುಸಿದ್ದಮ್ಮ ಒಂದೇ ಉಸಿರಿಗೆ ಹೇಳಿದರು. ಪುಷ್ಪಲತಾ ಒತ್ತಿ ಕಿವಿಗೆ ಹಿಡಿದಳು. ಹಿಂದೆ ಜೆಸಿಬಿ ಗುರುಗುಟ್ಟುತ್ತ ಸರಿಯುತ್ತಿತ್ತು.

ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.